ಟ್ರಾಫಿಕ್ ಸಿಗ್ನಲ್ ಕೆಟ್ಟರೆ ಮೊದಲು ಎಲ್ಲಿ ನೋಡಬೇಕು? ಘಟ್ಟದ ಮೇಲಿನ, ಕೆಳಗಿನ ಊರುಗಳಿಗೊಂದು ದೋಷ ನಿವಾರಣೆ ಕೈಪಿಡಿ

ಸಿಗ್ನಲ್ ನಿಂತಿತು ಅಂದ ಕೂಡಲೇ ಎಲ್ಲರ ಬಾಯಲ್ಲಿ ಬರುವ ಮಾತು ಒಂದೇ: "ಬೋರ್ಡ್ ಹೋಗಿದೆ." ಬೋರ್ಡ್ ಅಂದರೆ ರಸ್ತೆ ಬದಿಯ ಪೆಟ್ಟಿಗೆಯೊಳಗಿನ ಕಂಟ್ರೋಲರ್. ಆದರೆ ಕಾರವಾರದಿಂದ ಭಟ್ಕಳದವರೆಗಿನ ಉಪ್ಪುಗಾಳಿಯಲ್ಲಾಗಲಿ, ಶಿರಸಿಯ ಜಡಿಮಳೆಯಲ್ಲಾಗಲಿ ಅದಕ್ಕಿಂತ ಮೊದಲು ಕೈಕೊಡುವವು ಬೇರೆಯೇ ಇವೆ. ಕಂಬದ ಬುಡದ ಜಾಯಿಂಟ್, ನೀರು ಕುಡಿದ ಕೇಬಲ್, ಸಡಿಲಾದ ನ್ಯೂಟ್ರಲ್, ಹೆಸರಿಗಷ್ಟೇ ಇರುವ ಅರ್ಥಿಂಗ್. ಬೋರ್ಡ್ ತರಿಸೋಕೆ ವಾರಗಟ್ಟಲೆ ಕಾಯಬೇಕು. ಜಾಯಿಂಟ್ ಸರಿ ಮಾಡೋಕೆ ಸ್ಕ್ರೂಡ್ರೈವರ್, ಮರಳು ಕಾಗದ ಇದ್ದರೆ ಆಯ್ತು. ಹಾಗಾಗಿ ಇಲ್ಲಿ ಬೋರ್ಡ್ ಕೊನೆಗೆ ಬರುತ್ತದೆ.

ಸಿಗ್ನಲ್ ಕೆಲಸ ಮಾಡುವ ಬಗೆ ಇಷ್ಟು. ಲೈನಿನಿಂದ 230 ವೋಲ್ಟ್ ಕರೆಂಟ್ ಪೆಟ್ಟಿಗೆಗೆ ಬಂದು ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ದಾಟಿ ಕಂಟ್ರೋಲರ್‌ಗೆ ಹೋಗುತ್ತದೆ. ಯಾವ ದಿಕ್ಕಿಗೆ ಎಷ್ಟು ಸೆಕೆಂಡ್ ಹಸಿರು ಅನ್ನುವ ಲೆಕ್ಕ ಅದರಲ್ಲಿರುತ್ತದೆ. ಅದು ಒಂದೊಂದು ದೀಪದ ತಂತಿಗೂ ಸರದಿಯಂತೆ ಕರೆಂಟ್ ಕೊಡುತ್ತದೆ. ತಂತಿ ನೆಲದಡಿ ಹೋಗಿ ಕಂಬದ ಬುಡದ ಜಂಕ್ಷನ್ ಬಾಕ್ಸ್ ಸೇರಿ, ಅಲ್ಲಿಂದ ಮೇಲೆ ಎಲ್‌ಇಡಿ ದೀಪಕ್ಕೆ ಹತ್ತುತ್ತದೆ. ಇದರ ಜೊತೆ ಇನ್ನೊಂದು ಕಾವಲು ಸರ್ಕ್ಯೂಟ್ ಇದೆ. ಒಂದಕ್ಕೊಂದು ಅಡ್ಡ ಬರುವ ಎರಡು ದಿಕ್ಕಿಗೆ ಒಟ್ಟಿಗೇ ಹಸಿರು ಹೋಯಿತೋ, ಕೆಂಪು ಬೆಳಗಬೇಕಾದಲ್ಲಿ ಬೆಳಗಲಿಲ್ಲವೋ ಅಂತ ನೋಡುತ್ತಿರುವುದೇ ಅದರ ಕೆಲಸ. ತಪ್ಪು ಕಂಡರೆ ಎಲ್ಲ ನಿಲ್ಲಿಸಿ ಹಳದಿ ಮಿಣುಕಿಸುತ್ತದೆ. ಈ ಕಾವಲುಗಾರನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ, ಮುಂದೆ ಹೇಳುತ್ತೇನೆ.

ನೆಲದ ಮೇಲೆ ನಿಂತು ಕಣ್ಣಿಂದ ನೋಡುವ ಪರೀಕ್ಷೆಗಳನ್ನು ಟ್ರಾಫಿಕ್ ಪೊಲೀಸರು, ಪಕ್ಕದ ಅಂಗಡಿಯವರು, ಯಾರೂ ಮಾಡಬಹುದು. ಪೆಟ್ಟಿಗೆ ತೆರೆಯುವುದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ, ಅದೂ ಆ ಸಿಗ್ನಲ್ ಯಾರ ಸುಪರ್ದಿಯಲ್ಲಿದೆಯೋ ಅವರ ಒಪ್ಪಿಗೆ ಪಡೆದು.

ಕಂಬ ಅಥವಾ ಪೆಟ್ಟಿಗೆ ಮುಟ್ಟಿದರೆ ಜುಂ ಅನ್ನುತ್ತದೆ

ಬಾಕಿ ಎಲ್ಲಕ್ಕಿಂತ ಮೊದಲು ಇದು. ದೀಪ ಸರಿಯಾಗಿಯೇ ಉರಿಯುತ್ತಿರಬಹುದು, ಆದರೂ ಇದು ಅತಿ ಕೆಟ್ಟ ದೋಷ. ಫೇಸ್ ತಂತಿ ಎಲ್ಲೋ ಕಂಬಕ್ಕೆ ತಾಗಿದೆ, ಅರ್ಥಿಂಗ್ ಅದನ್ನು ಎಳೆದುಕೊಳ್ಳುತ್ತಿಲ್ಲ, ಸೋರಿಕೆ ಹಿಡಿಯಬೇಕಾದ ಆರ್‌ಸಿಸಿಬಿ ಇಲ್ಲ ಅಥವಾ ಸತ್ತಿದೆ. ಇವು ಸೇರಿದಾಗಲೇ ಹೀಗಾಗುವುದು.

ಇಲ್ಲಿ ಪರೀಕ್ಷೆ ಅನ್ನುವುದು ಏನೂ ಇಲ್ಲ. ಟೆಸ್ಟರ್ ಹಿಡಿದು ನೋಡೋಣ ಅಂತಲೂ ಹೋಗಬೇಡಿ. ರಬ್ಬರ್ ಚಪ್ಪಲಿ ಇದೆ ಅನ್ನುವ ಧೈರ್ಯ ಮಳೆ ನೀರಿನಲ್ಲಿ ಕೆಲಸಕ್ಕೆ ಬರದು. ಜನರನ್ನು, ದನಗಳನ್ನು ದೂರ ಇಡಿ. ಕರೆಂಟ್ ಕೊಡುವ ಹೆಸ್ಕಾಂ ಕಂಪನಿಗೆ 1912ಕ್ಕೆ ಫೋನ್ ಮಾಡಿ ಆ ಕನೆಕ್ಷನ್ ತೆಗೆಸಿ. ಯಾರಿಗಾದರೂ ಶಾಕ್ ಹೊಡೆದಿದ್ದರೆ 112. ಕರೆಂಟ್ ಪೂರ್ತಿ ಕಡಿದಿದೆ ಅಂತ ಖಾತ್ರಿಯಾಗುವವರೆಗೆ ಅವರನ್ನು ಬರಿಗೈಯಲ್ಲಿ ಎಳೆಯಬೇಡಿ.

ಇಡೀ ಸರ್ಕಲ್ ಕತ್ತಲು, ಒಂದು ದೀಪವೂ ಇಲ್ಲ

ಮೊದಲು ಸುತ್ತ ನೋಡಿ. ಪಕ್ಕದ ಅಂಗಡಿಯಲ್ಲಿ ಕರೆಂಟ್ ಇದೆಯಾ? ಬೀದಿದೀಪ? ಅಲ್ಲೂ ಇಲ್ಲದಿದ್ದರೆ ಸಿಗ್ನಲ್‌ನ ತಪ್ಪೇನಿಲ್ಲ. ಸಿಗ್ನಲ್‌ಗೆ ಬ್ಯಾಟರಿ ಬ್ಯಾಕಪ್ ಇದ್ದೂ ಕರೆಂಟ್ ಹೋದ ಕ್ಷಣವೇ ಕತ್ತಲಾಯಿತು ಅಂದರೆ ಬ್ಯಾಟರಿ ಸತ್ತಿದೆ ಅಂತ ಬರೆದಿಟ್ಟುಕೊಳ್ಳಿ.

ಅಂಗಡಿಯಲ್ಲಿ ಕರೆಂಟ್ ಇದ್ದು ಸಿಗ್ನಲ್‌ಗೆ ಮಾತ್ರ ಇಲ್ಲದಿದ್ದರೆ ಪೆಟ್ಟಿಗೆಯ ಎಂಸಿಬಿ ನೋಡಬೇಕು. ಬಿದ್ದಿದ್ದರೆ ಒಂದು ಸಲ, ಒಂದೇ ಸಲ ಎತ್ತಿ. ಎತ್ತಿದ ಕ್ಷಣ ಬಿದ್ದರೆ ಎಲ್ಲೋ ನೇರ ಶಾರ್ಟ್ ಇದೆ. ಸ್ವಲ್ಪ ಹೊತ್ತು ನಿಂತು ಆಮೇಲೆ ಬಿದ್ದರೆ ಟರ್ಮಿನಲ್ ಸಡಿಲಾಗಿ ಬಿಸಿಯಾಗುತ್ತಿರಬಹುದು. ಸ್ಕ್ರೂ ಹತ್ತಿರ ಪ್ಲಾಸ್ಟಿಕ್ ಕಂದಾಗಿದೆಯಾ ನೋಡಿ. ಬಿದ್ದದ್ದು ಎಂಸಿಬಿ ಅಲ್ಲ, ಆರ್‌ಸಿಸಿಬಿ ಆಗಿದ್ದರೆ ಕರೆಂಟ್ ನೆಲಕ್ಕೆ ಸೋರುತ್ತಿದೆ, ಕೆಳಗಿನ ಮಳೆಯ ಭಾಗ ಓದಿ. ಮತ್ತೆ ಮತ್ತೆ ಬೀಳುತ್ತದೆ ಅಂತ ದೊಡ್ಡ ಎಂಸಿಬಿ ಹಾಕಿಸುವವರಿದ್ದಾರೆ. ಹಾಗೆ ಮಾಡಿದರೆ ಮುಂದೆ ಬ್ರೇಕರ್ ಬದಲು ಕೇಬಲ್ಲೇ ಸುಡುತ್ತದೆ.

ಎಂಸಿಬಿ ಸರಿ ಇದ್ದರೆ ಒಳಬರುವ ವೋಲ್ಟೇಜ್ ಅಳೆಯಿರಿ. 230ರ ಆಸುಪಾಸು ಇದ್ದರೆ ಸರಿ. 170, 180ಕ್ಕೆ ಇಳಿದರೆ ಕಂಟ್ರೋಲರ್ ಸುಮ್ನೆ ಮಲಗಿಬಿಡಬಹುದು. 300 ದಾಟಿದೆಯೋ, ಪಕ್ಕದ ಬಲ್ಬ್‌ಗಳಲ್ಲಿ ಕೆಲವು ಕಣ್ಣು ಕುಕ್ಕುವಷ್ಟು ಬೆಳಗಿ ಕೆಲವು ಮಂಕಾಗಿವೆಯೋ, ಲೈನಿನ ನ್ಯೂಟ್ರಲ್ ಕಡಿದಿದೆ ಅಂತ ಅರ್ಥ. ತಕ್ಷಣ ಮೇನ್ ಇಳಿಸಿ 1912ಕ್ಕೆ ಹೇಳಿ. ಅಕ್ಕಪಕ್ಕದ ಅಂಗಡಿಯವರಿಗೂ ಹೇಳಿ, ಅವರ ಫ್ರಿಜ್ ಉಳಿಯುತ್ತದೆ.

ಕತ್ತಲಾದ ಸರ್ಕಲ್‌ನಲ್ಲಿ ಮೊದಲ ಕೆಲಸ ರಿಪೇರಿಯಲ್ಲ, ಪೊಲೀಸರಿಗೆ ತಿಳಿಸುವುದು. ಯಾರಾದರೂ ಬಂದು ನಿಲ್ಲುವ ತನಕ ನಿಧಾನ ಮಾಡಿ, ಬಲಗಡೆಯಿಂದ ಬರುವವರಿಗೆ ದಾರಿ ಬಿಡಿ.

ನಡುನಡುವೆ ತಾನಾಗೇ ಆರಿ ಮತ್ತೆ ಶುರುವಾಗುತ್ತದೆ

ದೀಪಗಳೆಲ್ಲ ಒಮ್ಮೆ ಆರುತ್ತವೆ, ಹಳದಿ ನಾಲ್ಕಾರು ಸಲ ಮಿಣುಕುತ್ತದೆ, ಎಲ್ಲ ಕಡೆ ಕೆಂಪು ಬಂದು ಮೊದಲಿಂದ ಸರದಿ ಶುರು. ಇದು ಕಂಟ್ರೋಲರ್ ರೀಸ್ಟಾರ್ಟ್ ಆಗುವ ಲಕ್ಷಣ. ಯಾವ ಹೊತ್ತಿಗೆ ಆಗುತ್ತದೆ ಅಂತ ಗಮನಿಸಿ. ಹತ್ತಿರ ಐಸ್ ಪ್ಲಾಂಟ್ ಇದ್ದರೆ, ಅಲ್ಲಿನ ಕಂಪ್ರೆಸರ್ ಶುರುವಾಗುವ ಹೊತ್ತಿಗೆ ಸರಿಯಾಗಿ ಆದರೆ, ವೋಲ್ಟೇಜ್ ಕುಸಿಯುತ್ತಿದೆ. ಹೊತ್ತುಗೊತ್ತಿಲ್ಲದೆ, ಲಾರಿ ಹೋದಾಗ ನೆಲ ಅದುರಿದಾಗಲೆಲ್ಲ ಆದರೆ ಪೆಟ್ಟಿಗೆಯೊಳಗೆ ಯಾವುದೋ ತಂತಿ ಸಡಿಲ. ಮೇನ್ ಇಳಿಸಿ ಒಂದೊಂದೇ ತಂತಿ ಮೆಲ್ಲಗೆ ಎಳೆದು ನೋಡಿದರೆ ಸಿಕ್ಕಿಬೀಳುತ್ತದೆ.

ಹಳದಿ ಮಾತ್ರ ಮಿಣುಕುತ್ತಿದೆ

ಮೊದಲು ಗಡಿಯಾರ ನೋಡಿ. ರಾತ್ರಿ ವಾಹನ ಕಡಿಮೆಯಾದ ಮೇಲೆ ಹಳದಿ ಮಿಣುಕಲಿ ಅಂತಲೇ ಹೆಚ್ಚಿನ ಸಿಗ್ನಲ್‌ಗಳಲ್ಲಿ ಹೊಂದಿಸಿರುತ್ತಾರೆ. ಅದು ದೋಷ ಅಲ್ಲ. ನಿಧಾನ ಮಾಡಿ, ನೋಡಿಕೊಂಡು ಹೋಗಿ ಅಂತ ಅರ್ಥ. ಮಿಣುಕುವುದು ಕೆಂಪಾದರೆ ಪೂರ್ತಿ ನಿಂತು ಆಮೇಲೆ ಹೋಗಬೇಕು.

ಬೆಳಿಗ್ಗೆ ಹತ್ತಕ್ಕೂ ಮಿಣುಕುತ್ತಿದ್ದು, ರಾತ್ರಿ ಹನ್ನೊಂದಕ್ಕೆ ಸರಿಯಾಗಿ ಕೆಂಪು ಹಸಿರು ಓಡುತ್ತಿದ್ದರೆ? ಕಂಟ್ರೋಲರ್‌ನ ಗಡಿಯಾರ ಹಗಲು ರಾತ್ರಿ ಅದಲುಬದಲು ಮಾಡಿಕೊಂಡಿದೆ. ಕರೆಂಟ್ ಹೋದಾಗ ಗಡಿಯಾರ ನಡೆಸಲು ಒಳಗೊಂದು ಬಿಲ್ಲೆ ಬ್ಯಾಟರಿ ಇರುತ್ತದೆ, ಹೆಚ್ಚಾಗಿ 3 ವೋಲ್ಟಿನದು. ಅದು ಮುಗಿದಿದ್ದರೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗಲೂ ಸಮಯ ಕೆಡುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದಿದ್ದರೆ ಕೇಳಲೇಬೇಡಿ. ಮೀಟರಿನಲ್ಲಿ 2.7ಕ್ಕಿಂತ ಕಡಿಮೆ ತೋರಿಸಿದರೆ ಹೊಸದು ಹಾಕಿ. ಮಾಮೂಲಿ ಗಡಿಯಾರದ ಅಂಗಡಿಯಲ್ಲೇ ಸಿಗುವ ಇದಕ್ಕಾಗಿ ಎಷ್ಟೋ ಸಲ ಇಡೀ ಬೋರ್ಡ್ ಬಿಚ್ಚಿ ರಿಪೇರಿಗೆ ಕಳಿಸುತ್ತಾರೆ.

ಗಡಿಯಾರ ಸರಿ ಇದ್ದೂ ಹಳದಿ ಮಿಣುಕುತ್ತಿದ್ದರೆ ಕಾವಲು ಸರ್ಕ್ಯೂಟ್ ಏನೋ ಕಂಡಿದೆ. ಕಂಟ್ರೋಲರ್‌ನ ಪರದೆಯಲ್ಲಿ ಕೋಡ್ ಇರುತ್ತದೆ. ಏನೂ ಒತ್ತುವ ಮೊದಲು ಅದರ ಫೋಟೋ ತೆಗೆಯಿರಿ. ರೀಸೆಟ್ ಒತ್ತಿದರೆ ಕೆಲವು ಮಾದರಿಗಳಲ್ಲಿ ಸಾಕ್ಷಿಯೂ ಅಳಿಸಿಹೋಗುತ್ತದೆ. ಸಾಮಾನ್ಯವಾಗಿ ಕಾರಣ ಎರಡು. ಕೆಂಪು ದೀಪ ಸತ್ತಿದೆ, ಅಥವಾ ಎರಡು ಹಸಿರು ಸೇರಿದೆ. ಮೊದಲನೆಯದಾದರೆ ಕೆಳಗಿನ ಒಂದು ದೀಪದ ಭಾಗ ನೋಡಿ. ಎರಡನೆಯದಾದರೆ ಒಂದು ದಿಕ್ಕಿನ ಹಸಿರು ತಂತಿಯಿಂದ ಇನ್ನೊಂದಕ್ಕೆ ಕರೆಂಟ್ ಹರಿದಿದೆ. ಕಂಬದ ಬುಡದ ಬಾಕ್ಸ್‌ನಲ್ಲಿ ನೀರು ನಿಂತಿರಬಹುದು, ಹೆಗ್ಗಣ ಕೇಬಲ್ ಕಡಿದಿರಬಹುದು, ಕರೆಂಟ್ ಕೊಡುವ ಸ್ವಿಚ್ ಒಳಗೇ ಶಾರ್ಟ್ ಆಗಿರಬಹುದು. ಈ ಎಲೆಕ್ಟ್ರಾನಿಕ್ ಸ್ವಿಚ್ ಕೆಡುವಾಗ ಹೆಚ್ಚಾಗಿ ಆನ್ ಆಗಿಯೇ ಉಳಿದುಬಿಡುತ್ತದೆ. ಅಪಾಯ ಇರುವುದೇ ಅಲ್ಲಿ.

ಒಂದು ರೀಸೆಟ್ ಮಾಡಬಹುದು, ಮತ್ತೆ ಬಂದರೆ ನಿಲ್ಲಿಸಿ. "ಹೇಗೋ ಓಡಲಿ" ಅಂತ ಕಾವಲು ಸರ್ಕ್ಯೂಟನ್ನೇ ಬೈಪಾಸ್ ಮಾಡುವುದು ಮಾತ್ರ ಎಂದೂ ಬೇಡ. ಮಿಣುಕುವ ಸಿಗ್ನಲ್‌ನಲ್ಲಿ ಜನ ಬೈಯುತ್ತಾ ಹೋಗುತ್ತಾರೆ. ಎರಡೂ ಕಡೆ ಹಸಿರಿದ್ದರೆ ಬಸ್ಸಿಗೆ ಟ್ಯಾಂಕರ್ ಬಂದು ಗುದ್ದುತ್ತದೆ. ರಾಷ್ಟ್ರೀಯ ಹೆದ್ದಾರಿ 66ರ ವೇಗ ಗೊತ್ತಿದ್ದವರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಿಲ್ಲ.

ಒಂದು ದೀಪ ಆರಿದೆ, ಅಥವಾ ಅರ್ಧ ಮಾತ್ರ ಬೆಳಗುತ್ತಿದೆ

ಅರ್ಧ ಬೆಳಗುತ್ತಿದ್ದರೆ ಪತ್ತೆ ಸುಲಭ. ಎಲ್‌ಇಡಿ ದೀಪದಲ್ಲಿ ಚಿಕ್ಕ ಚಿಕ್ಕ ಬಲ್ಬ್‌ಗಳನ್ನು ಸಾಲು ಸಾಲಾಗಿ ಪೋಣಿಸಿರುತ್ತಾರೆ. ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್‌ನಂತೆ ಒಂದು ಹೋದರೆ ಆ ಸಾಲು ಪೂರ್ತಿ ಹೋಗುತ್ತದೆ. ದೀಪದ ಮಾಡ್ಯೂಲ್ ಬದಲಿಸಬೇಕು ಅಷ್ಟೆ. ಕರೆಂಟ್ ಬರುತ್ತಿದೆ, ತಂತಿ ಸರಿ ಇದೆ ಅನ್ನುವುದು ಆಗಲೇ ಗೊತ್ತಾಯಿತಲ್ಲ.

ಪೂರ್ತಿ ಆರಿದ್ದರೆ ಅದೇ ದಿಕ್ಕಿನ ಇನ್ನೊಂದು ಕಂಬ ನೋಡಿ. ಅಲ್ಲಿ ಅದೇ ಬಣ್ಣ ಬೆಳಗುತ್ತಿದ್ದರೆ ಕಂಟ್ರೋಲರ್ ತನ್ನ ಕೆಲಸ ಮಾಡಿದೆ, ಕಡಿದದ್ದು ಈ ಕಂಬದ ದಾರಿಯಲ್ಲಿ. ಎರಡೂ ಕಡೆ ಆರಿದ್ದರೆ ಕಂಟ್ರೋಲರ್‌ನ ಆ ಔಟ್‌ಪುಟ್‌ನ ಫ್ಯೂಸ್ ಅಥವಾ ಸ್ವಿಚ್ ಮೇಲೆ ಅನುಮಾನ. ಏಣಿ ಹತ್ತದೆ ಅರ್ಧ ದಾರಿ ಮುಗಿಯಿತು.

ಮುಂದೆ ಬುಡದ ಬಾಕ್ಸ್‌ನಲ್ಲಿ ಅಳತೆ. ಇಲ್ಲಿ ಮೋಸ ಹೋಗುವವರು ಬಹಳ. ಡಿಜಿಟಲ್ ಮೀಟರ್ ಕಡಿದ ತಂತಿಯಲ್ಲೂ 60, 80 ವೋಲ್ಟ್ ತೋರಿಸುತ್ತದೆ. ಉದ್ದದ ಕೇಬಲಿನಲ್ಲಿ ಪಕ್ಕದ ತಂತಿಯಿಂದ ಬಂದ ಹುಸಿ ವೋಲ್ಟೇಜ್ ಅದು. ಹಳೇ 40 ವಾಟ್ ಬುರುಡೆ ಬಲ್ಬನ್ನು ಹೋಲ್ಡರ್ ಸಮೇತ ಆ ಎರಡು ತಂತಿಗೆ ಹಾಕಿ ಮತ್ತೆ ಅಳೆಯಿರಿ. ವೋಲ್ಟೇಜ್ ಬಿದ್ದುಹೋದರೆ ಹುಸಿ, ಬಲ್ಬ್ ಪೂರ್ತಿ ಉರಿದರೆ ನಿಜ. ನಿಜವಾದ ಕರೆಂಟ್ ಬಂದೂ ದೀಪವಿಲ್ಲ ಅಂದರೆ ಮೇಲೆ ಹೋಗುವ ತಂತಿ ಅಥವಾ ಮಾಡ್ಯೂಲ್. ನಿಮ್ಮಲ್ಲಿ ದೀಪಕ್ಕೆ 230 ಅಲ್ಲದೆ ಕಡಿಮೆ ವೋಲ್ಟಿನ ವ್ಯವಸ್ಥೆ ಇದ್ದರೆ ಈ ಬಲ್ಬಿನ ಉಪಾಯ ನಡೆಯದು, ದೀಪದ ಹಿಂದಿನ ಚೀಟಿ ಓದಿ.

ಮೇಲೆ ಹತ್ತುವುದಿದ್ದರೆ ಗೋಡೆ ಏಣಿ ಬೇಡ, ಲಿಫ್ಟ್ ಇರುವ ಗಾಡಿ ತರಿಸಿ. ಪ್ರತಿಫಲಿಸುವ ಜಾಕೆಟ್, ಶಂಕು, ವಾಹನ ನೋಡಿಕೊಳ್ಳಲು ಒಬ್ಬರು. ಕಂಬದ ಹತ್ತಿರ ಹೈಟೆನ್ಷನ್ ಲೈನ್ ಹಾದಿದ್ದರೆ ಹೆಸ್ಕಾಂನವರು ಲೈನ್ ಬಂದ್ ಮಾಡುವವರೆಗೆ ಕೆಲಸ ಇಲ್ಲ.

ಆರಿರಬೇಕಾದ ದೀಪ ಮಂಕಾಗಿ ಬೆಳಗಿದಂತೆ ಕಾಣುತ್ತದೆ

ಸಂಜೆ ಮಾತ್ರ ಹಾಗಾಗುತ್ತದಾ? ಕರಾವಳಿಯಲ್ಲಿ ಸೂರ್ಯ ಸಮುದ್ರಕ್ಕೆ ಇಳಿಯುವಾಗ ಅಡ್ಡಬಿಸಿಲು ನಿಮ್ಮ ಬೆನ್ನ ಹಿಂದಿನಿಂದ ಬಂದು ಪಶ್ಚಿಮಕ್ಕೆ ಮುಖ ಮಾಡಿದ ದೀಪದ ಗಾಜಿನೊಳಗೆ ಹೊಕ್ಕುತ್ತದೆ. ಮೂರೂ ಬಣ್ಣ ಉರಿದಂತೆ ಕಾಣುತ್ತದೆ. ದೀಪದ ಮೇಲಿನ ಟೊಪ್ಪಿಯಂಥ ಮರೆ ಮುರಿದಿದ್ದರೆ, ಕಾಗೆ ಕೂತು ಬಗ್ಗಿದ್ದರೆ ಇನ್ನೂ ಜಾಸ್ತಿ. ಮರೆ ಹಾಕಿಸಿ, ಗಾಜು ಒರೆಸಿ. ಸಮುದ್ರದ ಕಡೆಗೆ ಹೋಗುವವರ ಕಷ್ಟ ಇನ್ನೊಂದು. ಸೂರ್ಯನೇ ಕಣ್ಣಿಗೆ ಹೊಡೆಯುವುದರಿಂದ ದೀಪ ಕಾಣುವುದಿಲ್ಲ. ಅದಕ್ಕೆ ದೀಪದ ಹಿಂದೆ ಅಗಲವಾದ ಕಪ್ಪು ಹಲಗೆ ಬೇಕು.

ರಾತ್ರಿಯೂ ಮಂಕು ಬೆಳಕಿದ್ದರೆ ಅದು ಕರೆಂಟ್ ಸೋರಿಕೆ. ಎಲ್‌ಇಡಿಗೆ ಬಹಳ ಕಡಿಮೆ ಕರೆಂಟ್ ಸಾಕು, ಸ್ವಲ್ಪ ಸೋರಿದರೂ ಮಿನುಗುತ್ತದೆ. ಒಣ ದಿನದಲ್ಲೂ ಇದ್ದರೆ ಸ್ವಿಚ್‌ನದು, ಮಳೆ ದಿನ ಮಾತ್ರ ಇದ್ದರೆ ತಂತಿಯದು.

ಮಳೆ ಬಂದರೆ ಕೆಡುತ್ತದೆ, ಬಿಸಿಲು ಬಂದರೆ ತಾನೇ ಸರಿಯಾಗುತ್ತದೆ

ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಟ್ಟಿಗೆ ಇದೇ ಮುಖ್ಯ ಕಾಯಿಲೆ. ಟೆಕ್ನಿಷಿಯನ್ ಬರುವಷ್ಟರಲ್ಲಿ ಬಿಸಿಲು ಬಂದಿರುತ್ತದೆ, "ಎಲ್ಲ ಸರಿ ಇದೆಯಲ್ಲ ಮಾರಾಯ್ರೆ" ಅಂತ ಅವರು ಹೊರಡುತ್ತಾರೆ. ಹಾಗಾಗಿ ಯಾವ ದಿನ, ಎಷ್ಟು ಹೊತ್ತಿಗೆ, ಎಂಥ ಮಳೆ ಅಂತ ಬರೆದಿಡುವುದೇ ಅರ್ಧ ರಿಪೇರಿ. ಮಳೆ ಶುರುವಾದ ಕೂಡಲೇ ಕೆಟ್ಟರೆ ನೀರು ಮೇಲಿಂದ ಇಳಿಯುತ್ತಿದೆ. ದೀಪದ ರಬ್ಬರ್ ಅಂಚು, ಕಂಬದ ತುದಿಯ ಮುಚ್ಚಳ ನೋಡಿ. ಒಂದೆರಡು ದಿನ ಸುರಿದ ಮೇಲೆ ಕೆಟ್ಟರೆ ನೆಲದಡಿಯ ಚೇಂಬರ್ ತುಂಬಿದೆ. ಮಳೆಯೇ ಇಲ್ಲದೆ ನಸುಕಿನಲ್ಲಿ ಕೆಟ್ಟು ಬಿಸಿಲೇರಿದ ಮೇಲೆ ಸರಿಯಾದರೆ, ಅದು ಉಪ್ಪು. ಗಾಳಿಯಲ್ಲಿ ಬಂದ ಉಪ್ಪು ಟರ್ಮಿನಲ್ ಮೇಲೆ ತೆಳುವಾಗಿ ಕೂತು ರಾತ್ರಿಯ ತೇವ ಹೀರುತ್ತದೆ, ಆಗ ಕರೆಂಟಿಗೆ ಅದೇ ದಾರಿ.

ಮೇನ್ ಇಳಿಸಿ, ಯಾರೂ ಎತ್ತದಂತೆ ಬೀಗ ಹಾಕಿ, ಕರೆಂಟ್ ಇಲ್ಲ ಅಂತ ಮೀಟರಿನಲ್ಲಿ ಖಾತ್ರಿ ಮಾಡಿಕೊಂಡು ಕಂಬದ ಬುಡದ ಬಾಕ್ಸ್ ತೆರೆಯಿರಿ. ಬ್ಯಾಟರಿ ಬ್ಯಾಕಪ್ ಇದ್ದರೆ ಅದನ್ನೂ ಬಿಡಿಸಬೇಕು, ಮರೆಯಬೇಡಿ. ಟಾರ್ಚ್ ಹಿಡಿದು ಟರ್ಮಿನಲ್ ಪಟ್ಟಿಯ ಕೆಳಗಿನ ಸಾಲು ನೋಡಿ. ತಾಮ್ರದ ತಂತಿಗೆ ಹಸಿರು ಕಿಲುಬು, ಅಲ್ಯೂಮಿನಿಯಂ ಇದ್ದಲ್ಲಿ ಬಿಳಿ ಪುಡಿ, ಸ್ಕ್ರೂ ತಲೆಗೆ ಕೆಂಪು ತುಕ್ಕು. ಎರಡು ಸ್ಕ್ರೂಗಳ ನಡುವಿನ ಪ್ಲಾಸ್ಟಿಕ್ ಮೇಲೆ ಕೂದಲಿನಂಥ ಕಪ್ಪು ಗೆರೆ ಕಂಡರೆ ಅಲ್ಲೇ ಕರೆಂಟ್ ಹರಿದು ಸುಟ್ಟಿದೆ. ಅಂಥ ಪಟ್ಟಿಯನ್ನು ಒರೆಸಿ ಪ್ರಯೋಜನ ಇಲ್ಲ, ಬದಲಿಸಿ. ತಂತಿಯನ್ನು ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ, ತವರ ಲೇಪದ ಲಗ್ (ತಂತಿ ತುದಿಗೆ ಹಾಕುವ ಲೋಹದ ಕೊಳವೆ) ಒತ್ತಿ, ಮೇಲೆ ಎಲೆಕ್ಟ್ರಿಕಲ್ ಗ್ರೀಸ್ ಹಚ್ಚಿ. ತಾಮ್ರ, ಅಲ್ಯೂಮಿನಿಯಂ ಎರಡನ್ನು ನೇರ ಸುತ್ತಬೇಡಿ. ಎರಡು ಲೋಹದ ಲಗ್ ಬೇರೆಯೇ ಸಿಗುತ್ತದೆ.

ಆಮೇಲೆ ನೀರು ಬಂದ ದಾರಿ. ಕೇಬಲ್ ಒಳಬರುವ ತೂತಿನ ಬಿಗಿ ಬಿರಡೆ, ಅಂದರೆ ಗ್ಲಾಂಡ್, ಬಿಗಿಯಿದೆಯಾ, ಬಳಸದ ತೂತು ಹಾಗೇ ಬಿಟ್ಟಿದ್ದಾರಾ ನೋಡಿ. ಕೇಬಲ್ ಬಾಕ್ಸ್‌ಗಿಂತ ಕೆಳಗಿಳಿದು ಬಳಸಿ ಮೇಲೆ ಬಂದರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಬಾಕ್ಸ್ ತಳದಲ್ಲಿ ಚಿಕ್ಕ ತೂತು ಇದ್ದರೆ ಅದು ನೀರು ಹೋಗಲೆಂದೇ ಇಟ್ಟದ್ದು. ಸಿಲಿಕೋನ್ ಮೆತ್ತಿ ಅದನ್ನು ಮುಚ್ಚಿದರೆ ಒಳಗಿನ ಬೆವರೇ ಕೆರೆಯಾಗುತ್ತದೆ. ಇರುವೆ ಬಾರದಂತೆ ಸಣ್ಣ ಜಾಲರಿ ಸಾಕು. ಹೊಸ ಸ್ಕ್ರೂ, ಬಾಕ್ಸ್ ಕೊಳ್ಳುವಾಗ "ಸ್ಟೀಲ್" ಅಂದರೆ ಸಾಲದು. ಕಡಲ ಹತ್ತಿರ 304 ದರ್ಜೆಯದಕ್ಕೂ ಕಂದು ಕಲೆ ಹಿಡಿಯುತ್ತದೆ, 316 ಕೇಳಿ.

ಇಷ್ಟಾದರೂ ಸೋರಿಕೆ ಇದ್ದರೆ ಕೇಬಲಿಗೆ ಮೆಗ್ಗರ್ (ತಂತಿಯ ಹೊದಿಕೆ ಸೋರುತ್ತದಾ ಅಂತ ಅಳೆಯುವ ಮೀಟರ್) ಪರೀಕ್ಷೆ. ಎರಡೂ ತುದಿ ಬಿಚ್ಚಿ, 500 ವೋಲ್ಟಿನಲ್ಲಿ 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಕೇಬಲ್ ನೀರು ಕುಡಿದಿದೆ. ಕಂಟ್ರೋಲರ್, ದೀಪ ಬಿಡಿಸದೆ ಮೆಗ್ಗರ್ ಹಾಕಿದರೆ ಅವನ್ನೂ ಸುಡುತ್ತೀರಿ. ನೆಲದಡಿಯ ಕೇಬಲ್ ಬದಲಿಸುವುದು ಗುತ್ತಿಗೆದಾರರ ಕೆಲಸ, ಅಲ್ಲಿಗೆ ನಿಮ್ಮದು ಮುಗಿಯಿತು.

ಗುಡುಗು ಸಿಡಿಲಿನ ಮರುದಿನ ಕೆಟ್ಟಿದೆ

ಶಿರಸಿ, ಸಿದ್ದಾಪುರ ಕಡೆ ಏಪ್ರಿಲ್ ಮೇ ತಿಂಗಳ ಸಂಜೆ, ಮತ್ತೆ ಮಳೆಗಾಲ ಮುಗಿಯುವ ಅಕ್ಟೋಬರ್‌ನಲ್ಲಿ ಇದು ಮಾಮೂಲು. ಪೆಟ್ಟಿಗೆಯಲ್ಲಿ ಸರ್ಜ್ ರಕ್ಷಕ (ಸಿಡಿಲಿನಿಂದ ದಿಢೀರ್ ಏರುವ ವೋಲ್ಟೇಜ್ ತಡೆಯುವ ಸಾಧನ) ಇದ್ದರೆ ಅದರ ಪುಟ್ಟ ಕಿಟಕಿ ನೋಡಿ. ಹೆಚ್ಚಿನವುಗಳಲ್ಲಿ ಹಸಿರಿದ್ದರೆ ಜೀವ ಇದೆ, ಕೆಂಪಾಗಿದ್ದರೆ ತಾನು ಸತ್ತು ಬೋರ್ಡ್ ಉಳಿಸಿದೆ. ಅದನ್ನು ಬದಲಿಸಿ.

ಕಿಟಕಿ ಹಸಿರಿದ್ದೂ ಬೋರ್ಡ್ ಸುಟ್ಟಿದ್ದರೆ ಅರ್ಥಿಂಗ್ ಮೇಲೆ ಅನುಮಾನ ಪಡಿ. ನಮ್ಮ ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಸಿಡಿಲು ಬರುವುದೂ ಆಗಲೇ. ಅರ್ಥ್ ಟೆಸ್ಟರ್‌ನಲ್ಲಿ 5 ಓಮ್ ಒಳಗೆ ಬರಬೇಕು ಅಂತ ಇಟ್ಟುಕೊಳ್ಳಿ. ಈ ಅಳತೆಯನ್ನು ಜುಲೈಯಲ್ಲಿ ಮಾಡಿ ಖುಷಿಪಡಬೇಡಿ, ಏಪ್ರಿಲ್‌ನಲ್ಲಿ ಮಾಡಿ. ಅರ್ಥಿಂಗ್ ಗುಂಡಿಗೆ ನೀರು ಹಾಕುವುದು, ಅದರಲ್ಲಿನ ಕಡ್ಡಿಯ ಮೇಲಿನ ಕ್ಲಾಂಪ್ ಉಜ್ಜಿ ಬಿಗಿ ಮಾಡುವುದು ಅಗ್ಗದ ಮದ್ದು. ಅದರಿಂದಲೂ ಇಳಿಯದಿದ್ದರೆ ಇನ್ನೊಂದು ಅರ್ಥ್ ಕಡ್ಡಿ ಹೊಡೆಸಿ ಸೇರಿಸಬೇಕು.

ಸೆಕೆಂಡ್ ತೋರಿಸುವ ಅಂಕಿ ತಪ್ಪು

ಹಲವು ಟೈಮರ್‌ಗಳಿಗೆ ಕಂಟ್ರೋಲರ್ ಏನೂ ಹೇಳುವುದಿಲ್ಲ. ಹಿಂದಿನ ಸುತ್ತಿನಲ್ಲಿ ಎಷ್ಟು ಹೊತ್ತು ಉರಿಯಿತು ಅಂತ ಎಣಿಸಿ ಮುಂದಿನ ಸುತ್ತಿಗೆ ಅದನ್ನೇ ತೋರಿಸುತ್ತವೆ. ಹಾಗಾಗಿ ಕರೆಂಟ್ ಬಂದ ಕೂಡಲೇ, ಅಥವಾ ಹೊತ್ತಿಗೆ ತಕ್ಕಂತೆ ಸಮಯ ಬದಲಾದಾಗ ಒಂದೆರಡು ಸುತ್ತು ತಪ್ಪುವುದು ಸಹಜ. ಸದಾ ತಪ್ಪಿದರೆ ತಂತಿ ನೋಡಿ. 8 ಅನ್ನುವುದು 6ರಂತೆ ಕಂಡರೆ ಒಂದು ಗೆರೆ ಸತ್ತಿದೆ ಅಷ್ಟೆ.

ಸೋಲಾರ್ ಬ್ಲಿಂಕರ್ ರಾತ್ರಿ ಬೇಗ ಆರಿಹೋಗುತ್ತದೆ

ಹೆದ್ದಾರಿಯ ತಿರುವು, ಶಾಲೆ ಮುಂದೆ ಇರುವ ಮಿಣುಕು ದೀಪಗಳು ಇವು. ಮೊದಲು ಪ್ಯಾನಲ್ ಒರೆಸಿ. ಹಕ್ಕಿ ಹಿಕ್ಕೆ, ಕೆಂಪು ಧೂಳು, ಪಾಚಿ ಯಾವುದೂ ಆಗಬಹುದು. ಆಮೇಲೆ ನೆರಳು. ಹಾಕಿದಾಗ ಇಲ್ಲದ ಕೊಂಬೆ ಈಗ ಬೆಳೆದಿರಬಹುದು, ಪ್ಯಾನಲಿನ ಒಂದು ಮೂಲೆಗೆ ನೆರಳು ಬಿದ್ದರೂ ಕರೆಂಟ್ ತುಂಬಾ ಇಳಿಯುತ್ತದೆ. ಮುಖ ದಕ್ಷಿಣಕ್ಕಿರಬೇಕು, ಓರೆ ಸುಮಾರು 15 ಡಿಗ್ರಿ. ಗಾಳಿಗೆ ತಿರುಗಿ ಉತ್ತರ ನೋಡುತ್ತಿರುವ ಪ್ಯಾನಲ್‌ಗಳಿಗೆ ಕೊರತೆ ಇಲ್ಲ.

12 ವೋಲ್ಟಿನ ಲೆಡ್ ಬ್ಯಾಟರಿಯನ್ನು ನಸುಕಿನಲ್ಲಿ ಅಳೆಯಿರಿ. 12.2ರ ಮೇಲಿದ್ದರೆ ಪರವಾಗಿಲ್ಲ, 11.8ಕ್ಕಿಂತ ಕೆಳಗಿದ್ದರೆ ಬರಿದಾಗಿದೆ. ನಡುಹಗಲು ಬಿಸಿಲಿನಲ್ಲಿ 13.5 ದಾಟದಿದ್ದರೆ ಚಾರ್ಜ್ ಹೋಗುತ್ತಿಲ್ಲ, ಪ್ಯಾನಲ್ ತಂತಿ ಬಿಚ್ಚಿ ನೋಡಿದರೆ 18ರಿಂದ 21 ಬರಬೇಕು. ಬಂದರೆ ಚಾರ್ಜ್ ಕಂಟ್ರೋಲರ್ ಕೆಟ್ಟಿದೆ. ಸಂಜೆ ತುಂಬಿ ನಡುರಾತ್ರಿ ಬರಿದಾಗುವುದಾದರೆ ಬ್ಯಾಟರಿಗೆ ವಯಸ್ಸಾಗಿದೆ. ಉಬ್ಬಿದ, ಸೋರುವ ಬ್ಯಾಟರಿಗೆ ಕೈ ಹಾಕಬೇಡಿ, ಒಳಗೆ ಆಸಿಡ್ ಇದೆ.

ಕಂಪನಿಯವರಿಗೆ ಫೋನ್ ಮಾಡುವಾಗ

"ಸಿಗ್ನಲ್ ಸರಿ ಇಲ್ಲ" ಅಂದರೆ ಅವರು ಬರಿಗೈಯಲ್ಲಿ ಬರುತ್ತಾರೆ. ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಘಟ್ಟ ಇಳಿದು ಬರುವವರಿಗೆ ಮೊದಲೇ ಇಷ್ಟು ಕಳಿಸಿ: ಪೆಟ್ಟಿಗೆಯ ಮೇಲಿನ ಮಾದರಿ ಸಂಖ್ಯೆ, ಪರದೆಯ ಕೋಡಿನ ಫೋಟೋ, ಒಳಬರುವ ವೋಲ್ಟೇಜ್, ಕೆಟ್ಟಾಗ ಮಳೆ ಇತ್ತೋ ಇಲ್ಲವೋ, ಯಾವ ದಿಕ್ಕಿನ ಯಾವ ಬಣ್ಣ. ಇದೇ ವಿವರವನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಪೆಟ್ಟಿಗೆಯ ಬಾಗಿಲಿನ ಒಳಗೆ ಕಟ್ಟಿಡಿ. ಪೆನ್ನಿನ ಬದಲು ಪೆನ್ಸಿಲ್ ಇಡಿ, ನಮ್ಮ ತೇವಕ್ಕೆ ಶಾಯಿ ಹರಡುತ್ತದೆ.